ದಯವಿಟ್ಟು ಮುಟ್ಟಿ

ರಾಮಪ್ರಸಾದರ ಕೈಗಳ ಮೇಲೆ ಸ್ವತಃ ರಾಮಪ್ರಸಾದರಿಗೇ ಯಾವ ಅಧಿಕಾರವೂ ಇಲ್ಲ ಎಂಬ ಸಂಗತಿಯನ್ನು ಅವರ ಧರ್ಮಪತ್ನಿ ವಾರಿಜಮ್ಮ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದರು. ಮನುಷ್ಯ ಸಾಧು, ಮಾತು ಮೆದು. ವಿಮಾ ಕಚೇರಿಯಲ್ಲಿ ಇದ್ದಷ್ಟು ಕಾಲವೂ ಒಬ್ಬರ ಮೇಲೆ ದನಿ ಎತ್ತಿದವರಲ್ಲ. ಆದರೆ ಆ ಎರಡು ಕೈಗಳು ಮಾತ್ರ ಬೇರೆ ಯಾವುದೋ ಪುಂಡ ವಂಶದಿಂದ ದತ್ತು ಬಂದ ಹಾಗಿದ್ದವು. ತಿರುಪು ಕಂಡರೆ ತಿರುಗಿಸಬೇಕು, ಗುಂಡಿ ಕಂಡರೆ ಒತ್ತಬೇಕು, ಮುಚ್ಚಳ ಕಂಡರೆ ಬಿಚ್ಚಬೇಕು. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು? ಅದು ಆ ಕೈಗಳ ಇಲಾಖೆಗೆ ಸೇರಿದ್ದಲ್ಲ. ಜಯನಗರದ ಅವರ ಮನೆಯಲ್ಲಿ ಗಡಿಯಾರ ನಡೆಯುವುದಿಲ್ಲ, ಮಿಕ್ಸಿ ನಿಲ್ಲುವುದಿಲ್ಲ. (ನಿಲ್ಲಿಸಬೇಕಾದರೆ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಮಿಕ್ಸಿಯ ಗುಂಡಿ ಸದ್ಯ ಟಾರ್ಚಿನಲ್ಲಿದೆ.) ಹೋದ ವರ್ಷ ಎದೆನೋವೆಂದು ಡಾಕ್ಟರ ಬಳಿ ಹೋದಾಗ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನು ಬಿಚ್ಚಿ ಅದರ ಒಂದು ಕವಾಟವನ್ನು ಮೇಜಿನಡಿ ಉರುಳಿಸಿದ್ದರು. ರೋಗಿಯ ಹೃದಯ ನೋಡಬೇಕಾದ ಡಾಕ್ಟರು ಮೊಣಕಾಲೂರಿ ತಮ್ಮ ಹೃದಯ ಹುಡುಕಿದ್ದರು.

ಇಂಥ ಗಂಡನನ್ನು ವಾರಿಜಮ್ಮ ಈ ಭಾನುವಾರ ಕರೆದುಕೊಂಡು ಹೋಗಬೇಕಾಗಿದ್ದದ್ದು ಸಂಗೀತ ವಾದ್ಯಗಳ ಮ್ಯೂಸಿಯಮ್ಮಿಗೆ. ಅದೂ ಮುಟ್ಟಿ ನೋಡುವ ಮ್ಯೂಸಿಯಂ. ಅದೂ ಬೀಗರಾಗಲಿರುವವರ ಮ್ಯೂಸಿಯಂ.

ಮಗಳು ಇಂಚರಾ ಪದ್ಮನಾಭನಗರದ ಶಾಲೆಯೊಂದರಲ್ಲಿ ಟೀಚರ್. ತನ್ನ ತರಗತಿಯ ಮಕ್ಕಳನ್ನು ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಾಗ ಅದನ್ನು ನಡೆಸುವ ರವಿಕಿರಣ್ ಪರಿಚಯವಾಗಿದ್ದ. ಮಕ್ಕಳು ಒಂದೇ ಸಲ ನೋಡಿ ಬಂದರು. ಟೀಚರ್ ಮಾತ್ರ ಮತ್ತೆ ಮತ್ತೆ ನೋಡಿ ಬಂದಳು. ರವಿಕಿರಣ್‌ನ ತಂದೆ ಬೋರಣ್ಣ ಉತ್ತರಹಳ್ಳಿಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಮೂರು ಅಂತಸ್ತಿನ ಕಟ್ಟಡ ಬೆಳೆದಿದೆ. ನೆಲಮಾಳಿಗೆಯನ್ನು ಯಾರೋ ಜಿಮ್ಮಿಗೆ ಕೇಳಿದರು, ಇನ್ಯಾರೋ ಬಿರಿಯಾನಿ ಹೋಟೆಲಿಗೆ ಕೇಳಿದರು. ಮಗ ಅಲ್ಲಿ ತಂಬೂರಿ ತಂದಿಟ್ಟ. ಬೋರಣ್ಣ ಏನೂ ಅನ್ನಲಿಲ್ಲವಂತೆ. ಅವರು ಯಾವುದಕ್ಕೂ ಏನೂ ಅನ್ನುವವರಲ್ಲವಂತೆ. ಅನ್ನುವ ಕೆಲಸವನ್ನೆಲ್ಲ ಹೆಂಡತಿ ಅಂಜನಮ್ಮನೇ ನೋಡಿಕೊಳ್ಳುತ್ತಾರಂತೆ.

“ಅಲ್ವೇ ಇಂಚರಾ, ಮೊದಲನೇ ಸಲ ಎರಡು ಮನೆಯವರು ಸೇರೋದು. ದೇವಸ್ಥಾನ ಇದೆ, ಹೋಟೆಲ್ ಇದೆ. ಮ್ಯೂಸಿಯಂ ಯಾಕೆ?” ಎಂದು ವಾರಿಜಮ್ಮ ಕೇಳಿದ್ದರು.

“ಅಲ್ಲಾದ್ರೆ ಎಲ್ಲರೂ ಏನಾದ್ರೂ ನೋಡ್ತಾ ಇರ್ತಾರೆ ಅಮ್ಮ. ಮಾತು ಬರ್ದಿದ್ರೂ ನಡೆಯತ್ತೆ.”

“ನಿಮ್ಮಪ್ಪ ನೋಡ್ತಾ ಇರಲ್ಲ ಕಣೆ. ಮಾಡ್ತಾ ಇರ್ತಾರೆ.”

“ಮಾಡ್ಲಿ ಬಿಡಮ್ಮ. ಅಲ್ಲಿ ಬಾಗಿಲಲ್ಲೇ ಬೋರ್ಡ್ ಹಾಕಿದಾರೆ, ‘ದಯವಿಟ್ಟು ಮುಟ್ಟಿ’ ಅಂತ.”

ವಾರಿಜಮ್ಮನಿಗೆ ಕುತ್ತಿಗೆಯ ಹಿಂದೆ ತಣ್ಣಗೆ ಬೆವರಿತು. ಪ್ರಪಂಚದ ಮ್ಯೂಸಿಯಮ್ಮುಗಳೆಲ್ಲ ‘ಮುಟ್ಟಬೇಡಿ’ ಎಂದು ಗೋಗರೆದು ಬದುಕಿಕೊಂಡಿರುವಾಗ ಇದೊಂದು ತಾನಾಗಿ ತಲೆ ಒಡ್ಡಿದೆ. ಪಕ್ಕದ ಕೋಣೆಯಿಂದ ರಾಮಪ್ರಸಾದರು ಬಹಳ ಸಂತೋಷದಿಂದ, “ಎಂಥಾ ಒಳ್ಳೇ ಜನ!” ಎಂದರು.

ಆ ಭಯದ ಹಿಂದೆ ವಾರಿಜಮ್ಮನಿಗೆ ಇನ್ನೊಂದು ಗುಟ್ಟಿನ ಸಂಕಟವೂ ಇತ್ತು. ಹುಡುಗ ಅವರಿಗೆ ಯಾವಾಗಲೋ ಒಪ್ಪಿಗೆಯಾಗಿದ್ದ. ಒಂದು ಮಧ್ಯಾಹ್ನ ಇಂಚರಾ ಜೊತೆ ಊಟಕ್ಕೆ ಬಂದವನು ಹುಳಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು, ಎದ್ದು ಹೋಗಿ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟಿದ್ದ. ಆ ಮನೆಯ ಇತಿಹಾಸದಲ್ಲಿ ಗಂಡಸೊಬ್ಬ ಸಿಂಕಿನವರೆಗೆ ನಡೆದು ಹೋದದ್ದು ಅದೇ ಮೊದಲು. (ರಾಮಪ್ರಸಾದರು ಹೋಗಿದ್ದುಂಟು; ನಲ್ಲಿ ಬಿಚ್ಚಲು.) ಆದರೆ ಹೆಣ್ಣಿನ ಕಡೆಯವರು ಮೇಲೆ ಬಿದ್ದು ಹೂಂ ಎನ್ನಬಾರದು, ಬಿಗಿಯಾಗಿರಬೇಕು, ‘ಯೋಚನೆ ಮಾಡಿ ಹೇಳ್ತೀವಿ’ ಎನ್ನಬೇಕು ಎಂಬುದು ವಾರಿಜಮ್ಮನ ರಾಜನೀತಿ. ಹಾಗಾಗಿ ಮನಸ್ಸಿನ ಮಾತನ್ನು ಅವರು ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಗಂಡ ಏನಾದರೂ ಒಡೆದು, ಆ ಒಂದು ಒಡಕಿನಿಂದ ಸಂಬಂಧವೂ ಒಡೆದು, ಬಿಗಿಯಾಗಿದ್ದದ್ದೇ ಲಾಭವಿಲ್ಲದೆ ಹೋದರೆ? ಆ ಯೋಚನೆಯಲ್ಲೇ ಅವರು ಕೋಡುಬಳೆ ಕರಿದು ಡಬ್ಬಿಗೆ ತುಂಬಿದರು. ಎರಡು ಕೋಡುಬಳೆ ಸೀದವು.

ಭಾನುವಾರ ಆಟೋ ಹತ್ತಿದ ಕೂಡಲೇ ವಾರಿಜಮ್ಮ ಗಂಡನ ಬಲಗೈಯನ್ನು ತಮ್ಮ ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

“ಇದೇನೇ?”

“ಅಲ್ಲಿಂದ ವಾಪಸ್ ಬರೋವರೆಗೂ ಇದು ನನ್ನ ಹತ್ರ ಇರಲಿ.”

“ಇನ್ನೊಂದು?”

“ಅದರಲ್ಲಿ ಕೋಡುಬಳೆ ಡಬ್ಬಿ ಹಿಡ್ಕೊಳ್ಳಿ.”

ಹೀಗೆ ಎರಡೂ ಕೈಗಳಿಗೆ ಜಾಮೀನು ಮಾಡಿ, ಮಂತ್ರವಿಲ್ಲದ ಈ ಎರಡನೆಯ ಪಾಣಿಗ್ರಹಣದೊಂದಿಗೆ ವಾರಿಜಮ್ಮ ಉತ್ತರಹಳ್ಳಿಗೆ ಹತ್ತಿದ ಸುಬ್ರಹ್ಮಣ್ಯಪುರದ ತಿರುವಿನಲ್ಲಿ ಇಳಿದರು. ಇಂಚರಾ ಮೊದಲೇ ಸ್ಕೂಟಿಯಲ್ಲಿ ಬಂದು ಗೇಟಿನಲ್ಲಿ ನಿಂತಿದ್ದಳು. ಅವಳ ಹಿಂದೆ ಬಿಳಿ ಅಂಗಿಯ ಬೋರಣ್ಣ ಕೈ ಮುಗಿದರು, ಏನೂ ಅನ್ನಲಿಲ್ಲ. ಅವರ ಪಕ್ಕದಲ್ಲಿ ಎಳೆ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯಲ್ಲಿ ಅಂಜನಮ್ಮ. ಆ ಸೀರೆಯನ್ನು ನೋಡಿದ ಕ್ಷಣ ವಾರಿಜಮ್ಮನಿಗೆ ತಾವು ಉಟ್ಟದ್ದು ಹಾಸಿಗೆಯ ಮೇಲುಹೊದಿಕೆ ಅನ್ನಿಸಿತು.

“ಬನ್ನಿ ಬನ್ನಿ!” ಅಂಜನಮ್ಮನ ದನಿಗೆ ಮೇಲಿನ ಮನೆಯ ಪಾರಿವಾಳಗಳು ಎದ್ದವು. “ಅಯ್ಯೋ ನೋಡಿ ಇಲ್ಲಿ, ಈ ವಯಸ್ನಲ್ಲೂ ಕೈ ಕೈ ಹಿಡ್ಕಂಡು ಬತ್ತಾವ್ರೆ! ನೀನು ಒಂದಿನಾನಾದ್ರೂ ಹಿಂಗೆ ಹಿಡ್ದಿದ್ದೀಯಾ?” ಎಂದು ಗಂಡನತ್ತ ತಿರುಗಿದರು.

ಬೋರಣ್ಣ ತಮ್ಮ ಕೈಯನ್ನೇ ನೋಡಿಕೊಂಡರು.

“ಸೀರೆ ಸಿಂಪಲ್ಲಾಗಿದೆ,” ಎಂದರು ವಾರಿಜಮ್ಮ, ಬಿಗಿಯಾಗಿ. ಅಂಜನಮ್ಮನ ಮುಖ ಕೊಂಚ ಸಪ್ಪಗಾಯಿತು. ಕೂಡಲೇ ವಾರಿಜಮ್ಮನಿಗೆ ಅಂದದ್ದು ಅತಿಯಾಯಿತು ಅನ್ನಿಸಿತು. ಅದನ್ನು ಸರಿಮಾಡಲು ಡಬ್ಬಿಯನ್ನು ಮುಂದೆ ಮಾಡಿಸಿ, “ಕೋಡುಬಳೆ. ಇಂಚರಾನೇ ಮಾಡಿದ್ದು,” ಎಂದುಬಿಟ್ಟರು. ಇಂಚರಾ ಬೆಚ್ಚಿ ಅಮ್ಮನನ್ನು ನೋಡಿದಳು. ಡಬ್ಬಿ ಅಂಜನಮ್ಮನ ಪಾಲಾಯಿತು. ಅದರೊಂದಿಗೆ ರಾಮಪ್ರಸಾದರ ಎಡಗೈಗೂ ಬಿಡುಗಡೆಯಾಯಿತು.

ಒಳಗೆ ಕಾಲಿಟ್ಟರೆ ನೆಲವೇ ‘ಸಾ’ ಎಂದಿತು. ವಾರಿಜಮ್ಮ ಹೌಹಾರಿ ಇನ್ನೊಂದು ಹೆಜ್ಜೆ ಇಟ್ಟರು. ‘ರೀ’ ಎಂದಿತು.

“ಏನೇ?” ಎಂದರು ರಾಮಪ್ರಸಾದರು.

“ನಾನಲ್ಲ, ನೆಲ.”

ಹಾಲಿನ ನೆಲಹಾಸಿನಡಿಯಲ್ಲಿ ಸ್ವರಗಳನ್ನು ಕೂಡಿಸಿದ್ದೇನೆ, ನಡೆದರೆ ಹಾಡುತ್ತದೆ ಎಂದು ಒಳಗೆ ಕಾದಿದ್ದ ರವಿಕಿರಣ್ ವಿವರಿಸಿದ. ತೆಳ್ಳಗಿನ ಹುಡುಗ, ಮಾತನಾಡುವಾಗ ಕಣ್ಣು ಹೊಳೆಯುತ್ತಿತ್ತು. ಮುಂದೆ ಈ ಹಾಲ್, ಅದರ ಆಚೆಗೆ ತಂತಿವಾದ್ಯಗಳ ಕೋಣೆ, ಕೊಳಲು ಕಹಳೆಗಳ ಮೂಲೆ, ಕಟ್ಟಕಡೆಗೆ ಚರ್ಮವಾದ್ಯ ತಾಳವಾದ್ಯಗಳ ಕೋಣೆ. ಅಷ್ಟೇ ಮ್ಯೂಸಿಯಂ. ಆದರೆ ವಾರಿಜಮ್ಮನಿಗೆ ಅದು ನೆಲಬಾಂಬು ಹೂತಿಟ್ಟ ಬಯಲಿನಂತೆ ಕಂಡಿತು. ಎಲ್ಲಿ ನೋಡಿದರೂ ತಿರುಪು, ಬಿರಡೆ, ಗುಬುಟು, ತೂತು. ತಮ್ಮ ಹಿಡಿತದೊಳಗೆ ಗಂಡನ ಬಲಗೈ ಬಲೆಗೆ ಬಿದ್ದ ಮೀನಿನಂತೆ ಮಿಡುಕುತ್ತಿದ್ದುದು ಅವರಿಗೆ ಗೊತ್ತಾಗುತ್ತಿತ್ತು.

“ಮುಟ್ಟಿ ಅಂಕಲ್, ನುಡಿಸಿ ನೋಡಿ,” ಎನ್ನುತ್ತಿದ್ದ ರವಿಕಿರಣ್ ಪ್ರತಿ ವಾದ್ಯದ ಮುಂದೆಯೂ.

“ಬೇಡಪ್ಪಾ, ಅವರಿಗೆ ಕೈ ನೋವು,” ಎನ್ನುತ್ತಿದ್ದರು ವಾರಿಜಮ್ಮ ಪ್ರತಿ ಸಲವೂ.

“ನನಗೆಲ್ಲೇ ನೋವು?”

“ಬರತ್ತೆ,” ಎಂದು ವಾರಿಜಮ್ಮ ಹಲ್ಲು ಕಚ್ಚಿ ಉಗುರೊತ್ತಿದರು. ರಾಮಪ್ರಸಾದರಿಗೆ ನೋವು ಬಂತು.

ಎಡಗೈ ಮಾತ್ರ ಒಮ್ಮೆ ತಪ್ಪಿಸಿಕೊಂಡು ಜಾಗಟೆಗೆ ಬಡಿಯಿತು. ಢಣಾರ್ ಎಂಬ ಆ ಸದ್ದಿಗೆ ವಾರಿಜಮ್ಮ ‘ಅಯ್ಯೋ ಹೋಯ್ತು’ ಎಂದು ಕಿರುಚಿದರು. ಏನೂ ಹೋಗಿರಲಿಲ್ಲ. ಜಾಗಟೆ ಇರುವುದೇ ಬಡಿಯುವುದಕ್ಕೆ. ಆದರೂ ಎಲ್ಲರೂ ತಿರುಗಿ ನೋಡಿದ್ದು ಜಾಗಟೆಯನ್ನಲ್ಲ, ಅವರನ್ನು.

ಕೊನೆಯ ಕೋಣೆಯಲ್ಲಿ ಡೊಳ್ಳು, ತಮಟೆ, ಮೃದಂಗಗಳ ನಡುವೆ ಒಂದು ಗಾಜಿಲ್ಲದ ಪುಟ್ಟ ಪೀಠದ ಮೇಲೆ, ಬಟ್ಟೆಯ ಸಿಂಬಿಯಲ್ಲಿ ಒಂದು ಮಣ್ಣಿನ ಘಟ ಕುಳಿತಿತ್ತು. ಹೊಟ್ಟೆ ದಪ್ಪ, ಬಾಯಿ ಚಿಕ್ಕದು.

ರವಿಕಿರಣ್‌ನ ದನಿ ತಗ್ಗಿತು. “ಇದು ಒಬ್ಬ ಹಿರಿಯ ವಿದ್ವಾಂಸರದ್ದು ಆಂಟಿ. ಈಗ ಅವರ ಕೈ ನಡುಗತ್ತೆ, ನುಡಿಸೋಕಾಗಲ್ಲ. ಕಪಾಟಲ್ಲಿಟ್ಟರೆ ಸತ್ತೋಗತ್ತೆ, ನಾಲ್ಕು ಜನ ತಟ್ತಾ ಇರ್ಲಿ ಅಂತ ನನಗೆ ಕೊಟ್ರು. ಇಲ್ಲಿರೋದು ಬೇರೆ ಏನು ಒಡೆದರೂ ಮತ್ತೆ ತರಬಹುದು. ಇದೊಂದು...” ಎಂದು ನಿಲ್ಲಿಸಿದ.

ವಾರಿಜಮ್ಮ ಗಂಡನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು, ಪೀಠದಿಂದ ದೂರ ಸರಿದು, ಉಸಿರನ್ನೂ ಆ ಕಡೆಗೆ ಬಿಡದೆ ನಿಂತರು.

ಅಷ್ಟರಲ್ಲಿ ಹಾಲಿನಿಂದ ಅಂಜನಮ್ಮನ ಕೂಗು ಬಂತು. “ಲೋ ರವೀ, ಕುರ್ಚಿ ಹಾಕ್ಬಾರೋ! ಕಾಫಿ ಆಯ್ತು!” ಬೋರಣ್ಣ ಹೋದರು. ರವಿಕಿರಣ್ ಹೋದ. “ಅಮ್ಮಾ, ನಿಧಾನವಾಗಿ ಬನ್ನಿ,” ಎಂದು ಇಂಚರಾ ಅವನ ಹಿಂದೆಯೇ ಹೋದಳು. ಅಪಾಯ ಕಳೆಯಿತು. ವಾರಿಜಮ್ಮನ ಅಂಗೈ ನೀರಾಗಿ ಬೆವರಿತ್ತು. ಗಂಡನ ಕೈ ಬಿಟ್ಟು, ಆ ಕಡೆ ತಿರುಗಿ, ಬ್ಯಾಗಿನಿಂದ ಕರವಸ್ತ್ರ ತೆಗೆದು ಒರೆಸಿಕೊಂಡರು. ಅಷ್ಟೇ ಹೊತ್ತು.

ಹಿಂದೆ ‘ಟಣ್’ ಎಂದಿತು. ಅದರ ಬೆನ್ನಿಗೇ ‘ಟಪ್’ ಎಂದಿತು.

‘ಟಣ್’ ಎಂಬುದು ಸಂಗೀತ. ‘ಟಪ್’ ಎಂಬುದು ಸಂಗೀತವಲ್ಲ. ಆ ಕೈಗಳೊಂದಿಗೆ ಇಷ್ಟು ಕಾಲ ಬಾಳಿದವರಿಗೆ ಈ ವ್ಯತ್ಯಾಸವನ್ನು ಯಾವ ವಿದ್ವಾಂಸರೂ ಹೇಳಿಕೊಡಬೇಕಾಗಿರಲಿಲ್ಲ.

“ಏನು ಕಿತ್ತಿರಿ?”

“ಏನೂ ಇಲ್ಲ.”

“ರೀ!”

“ಒಳಗಡೆ ಏನೋ ಅಂಟಿಸಿದ್ರು ಕಣೆ, ಪುಟ್ಟದು. ಬೆರಳಿಗೆ ತಾಗ್ತು. ಏನಿರಬಹುದು ಅಂತ ಸ್ವಲ್ಪ... ಬಂದ್ಬಿಡ್ತು. ತಳಕ್ಕೆ ಬಿದ್ದಿದೆ.”

ವಾರಿಜಮ್ಮನಿಗೆ ಕೋಣೆಯ ಡೊಳ್ಳುಗಳೆಲ್ಲ ಎದೆಯೊಳಗೆ ಸೇರಿಕೊಂಡು ಬಡಿದವು. ವಿದ್ವಾಂಸರ ಘಟ. ಅದರ ಯಾವ ಅಂಗವನ್ನು ಈ ಮಹಾರಾಯ ಕಿತ್ತರೋ! “ಸರಿ, ತೆಗೀರಿ ಅದನ್ನ. ಅವರು ಬರೋಕೆ ಮುಂಚೆ ಮತ್ತೆ ಅಂಟಿಸಿಬಿಡೋಣ.”

“ನನ್ನ ಕೈ ಹೋಗ್ತಿಲ್ಲ ಕಣೆ, ದಪ್ಪ. ನಿನ್ನದು ಹೋಗತ್ತೆ.”

ಹೋಯಿತು. ಬಳೆಗಳ ಸಮೇತ ಸರಾಗವಾಗಿ ಹೋಯಿತು. (ಒಳಗೆ ಹೋಗುವಾಗ ಎಲ್ಲವೂ ಸರಾಗವೇ. ಮದುವೆಯೂ ಹಾಗೆಯೇ ತಾನೆ?) ತಳದಲ್ಲಿ ಅಡಿಕೆಯಷ್ಟು ಗಾತ್ರದ ಏನೋ ತಣ್ಣನೆಯ ಚೂರು ಬೆರಳಿಗೆ ಸಿಕ್ಕಿತು. ವಾರಿಜಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಕೈ ಎಳೆದರು. ಕೈಯ ಜೊತೆಗೆ ಘಟವೂ ಎದ್ದು ಬಂತು.

“ಬಿಡಿಸ್ಕೋ.”

“ಬಿಡಿಸ್ಕೋತಾ ಇಲ್ವಾ ನಾನು? ಬಳೆ ಅಡ್ಡ ನಿಂತಿದೆ.”

“ಎಡಕ್ಕೆ ತಿರುಗಿಸು, ಲೂಸ್ ಆಗತ್ತೆ.”

“ನನ್ನ ಕೈ ಸ್ಕ್ರೂ ಅಲ್ಲ ರೀ!”

“ಸ್ಕ್ರೂ ಅಂದ್ರೆ ನೆನಪಾಯ್ತು, ತಾಳು. ಜೇಬಲ್ಲಿ ಸ್ಕ್ರೂಡ್ರೈವರ್ ಇದೆ.”

“ಸ್ಕ್ರೂಡ್ರೈವರ್ ತಂದಿದೀರಾ? ಮಗಳ ಮದುವೆ ಮಾತಿಗೆ ಬರೋವಾಗ ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕೊಂಡು ಬಂದಿದೀರಾ?”

ವಾರಿಜಮ್ಮ ಮೆಲ್ಲಗೆ ನೆಲದ ಮೇಲೆ ಕುಳಿತು, ಘಟವನ್ನು ಮಡಿಲಿಗೆ ಎಳೆದುಕೊಂಡು, ಅದರ ಬಾಯಿಯ ಮೇಲೆ ಬಗ್ಗಿದರು. ಘಟದಿಂದ ಆದದ್ದರಿಂದ ಇದನ್ನು ದುರ್ಘಟನೆ ಎಂದರೆ ವ್ಯಾಕರಣಕ್ಕೂ ಒಪ್ಪಿಗೆ. ಆದರೆ ಆ ಹೊತ್ತಿಗೆ ಅವರಿಗೆ ವ್ಯಾಕರಣ ಬೇಕಾಗಿರಲಿಲ್ಲ, ರಾಯರು ಬೇಕಾಗಿದ್ದರು.

“ರಾಯರೇ, ಇದೊಂದು ಕೈ ಬಿಡಿಸಿಕೊಡಿ. ಗುರುವಾರ ಬರ್ತೀನಿ, ಹೆಜ್ಜೆ ನಮಸ್ಕಾರ ಹಾಕ್ತೀನಿ. ಬೆಳಗ್ಗೆಯಿಂದ ಎಷ್ಟು ಬಿಗಿಯಾಗಿದ್ದೆ! ಒಂದು ನಗು ಜಾಸ್ತಿ ನಕ್ಕಿಲ್ಲ...”

“ಯಾಕೆ ಬಿಗಿ? ಹುಡುಗ ಚೆನ್ನಾಗೇ ಇದಾನಲ್ಲ,” ಎಂದರು ರಾಮಪ್ರಸಾದರು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಘಟವನ್ನು ಎಡಕ್ಕೆ ತಿರುಗಿಸುತ್ತಾ.

“ಅದು ನನಗೆ ಗೊತ್ತಿಲ್ವಾ? ಚಿನ್ನ ಕಣ್ರೀ ಆ ಹುಡುಗ! ತಟ್ಟೆ ತಾನೇ ತೊಳೆದಿಟ್ಟ. ನೀವು ತೊಳೆದಿದೀರಾ ಒಂದಿನ? ಆವತ್ತೇ ನಾನು ಮನಸ್ಸಲ್ಲಿ ಹೂಂ ಅಂದಾಯ್ತು. ಹಾಗಂತ ಅವರ ಮುಂದೆ ಹಲ್ಲು ಕಿರೀಲಾ? ‘ಯೋಚನೆ ಮಾಡಿ ಹೇಳ್ತೀವಿ’ ಅನ್ನೋದು. ಸ್ವಲ್ಪ ಕಾಯ್ಲಿ.”

“ಆಯಮ್ಮನ ಸೀರೆಗೆ ಏನೋ ಅಂದ್ಯಲ್ಲ, ಪಾಪ, ಮುಖ ಚಿಕ್ಕದಾಯ್ತು.”

“ಮತ್ತೇನು, ನನ್ನ ಸೀರೆಗಿಂತ ನಿಮ್ಮದೇ ಚೆನ್ನಾಗಿದೆ ಅಂತ ಹೇಳ್ಲಾ? ಎಂಥಾ ಬಣ್ಣ ರೀ ಅದು! ನೋಡ್ದಾಗಿಂದ ಹೊಟ್ಟೆ ಉರೀತಿದೆ. ಆಮೇಲೆ ಆಯಮ್ಮನ ಗಂಟಲು! ರೇಡಿಯೋ ಸ್ಟೇಷನ್ನೇ ಬೇಡ, ಆಯಮ್ಮ ಇಲ್ಲಿ ಕೂಗಿದ್ರೆ ಬನಶಂಕರೀಲಿ ಬಸ್ ನಿಲ್ಲತ್ತೆ.”

“ಕೋಡುಬಳೆ ಇಂಚರಾ ಮಾಡಿದ್ದು ಅಂದ್ಯಲ್ಲ?”

“ಅವಳಿಗೆ ಹಾಲು ಕಾಯಿಸೋಕೆ ಬರಲ್ಲ, ಉಕ್ಕಿಸೋಕೆ ಮಾತ್ರ ಬರತ್ತೆ ಅಂತ ಹೇಳ್ಬೇಕಿತ್ತಾ? ಮದುವೆ ಆದ್ಮೇಲೆ ಅವರೇ ಕಂಡ್ಕೋತಾರೆ. ನಿಮ್ಮಪ್ಪ ‘ಹುಡುಗನಿಗೆ ಸಂಗೀತ ಬರತ್ತೆ’ ಅಂತ ನಮ್ಮಪ್ಪನಿಗೆ ಹೇಳಿರ್ಲಿಲ್ವಾ? ನಿಮಗೆ ಬರೋ ಸಂಗೀತ ಗೊರಕೆ ಒಂದೇ. ಅದಕ್ಕೂ ತಾಳ ಇಲ್ಲ!”

ಹಾಲಿನಿಂದ ಅಂಜನಮ್ಮನ ಕೂಗು ಮತ್ತೆ ಬಂತು. ಈ ಸಲ ಯಾಕೋ ಬಹಳ ಮೆಲ್ಲಗೆ ಬಂತು. “ಬೀಗ್ರೇ... ಕಾಫಿ ಆರ್ತದೆ, ಬನ್ನಿ.”

ಇನ್ನು ತಡಮಾಡಿದರೆ ಅವರೇ ಹುಡುಕಿಕೊಂಡು ಬರುತ್ತಾರೆ. ವಾರಿಜಮ್ಮ ಗಂಡನ ಆಸರೆಯಲ್ಲಿ ಎದ್ದು, ಸೆರಗನ್ನು ಬಲಭುಜದ ಮೇಲಿಂದ ಹೊದ್ದು, ಘಟವನ್ನು ಅದರೊಳಗೆ ಮುಚ್ಚಿಕೊಂಡರು. ಹೊಟ್ಟೆಯ ಬಲಭಾಗದಲ್ಲಿ ಒಂದು ಹೊಸ ಹೊಟ್ಟೆ ಮೂಡಿತು. “ನೀವು ಮಾತಾಡ್ಬೇಡಿ. ನಾನೂ ಮಾತಾಡಲ್ಲ. ಒಂದು ಕಾಫಿ ಕುಡಿದು, ಮನೆಗೆ ಹೋಗಿ, ಸೋಪು ಹಾಕಿ ಬಿಡಿಸ್ಕೊಂಡು, ಇಂಚರಾ ಕೈಲಿ ವಾಪಸ್ ಕಳಿಸೋಣ,” ಎಂದು ಕಿವಿಯಲ್ಲಿ ಊದಿದರು. ವಿದ್ವಾಂಸರ ಘಟವನ್ನು ಸೆರಗಿನಡಿ ಸಾಗಿಸುವುದಕ್ಕೆ ಜನ ಏನೆನ್ನುತ್ತಾರೆ ಎಂಬುದು ಆ ಗಾಬರಿಯಲ್ಲಿ ಅವರಿಗೆ ಹೊಳೆಯಲಿಲ್ಲ.

ಹಾಲಿನ ದೃಶ್ಯ ವಿಚಿತ್ರವಾಗಿತ್ತು. ಬೋರಣ್ಣ ಸೂರನ್ನು ದಿಟ್ಟಿಸುತ್ತಿದ್ದರು. ಇಂಚರಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ! ಏನೋ ಮಾತಾಗಿದೆ, ಸಂಬಂಧ ಮುರಿದಿದೆ ಎಂದು ವಾರಿಜಮ್ಮನ ಜೀವ ಬಾಯಿಗೆ ಬಂತು. ರವಿಕಿರಣ್ ಅರ್ಧ ಎದ್ದು, “ಆಂಟಿ, ಒಂದ್ ನಿಮಿಷ, ಅದು...” ಎಂದ.

“ಸುಮ್ಕೆ ಕುಂತ್ಕಳೋ,” ಎಂದು ಅಂಜನಮ್ಮ ಅವನನ್ನು ಕೂರಿಸಿದರು. ನೆಲ ‘ಸಾ ರೀ ಗಾ’ ಎನ್ನುತ್ತಿರಲು ನಿಧಾನವಾಗಿ ನಡೆದು ಬಂದರು. ಅವರ ಕೈಯಲ್ಲಿ ಬೆಳ್ಳಿ ತಟ್ಟೆ. ಅದರಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ.

“ನಮ್ ಕಡೆಯಿಂದ ಒಪ್ಪಿಗೆ ಬೀಗ್ರೇ. ನೀವು ಯೋಚ್ನೆ ಮಾಡೇ ಹೇಳಿ, ಅವಸರ ಇಲ್ಲ. ಆದ್ರೆ ಮುತ್ತೈದೆ ಮನೆಗೆ ಬಂದವ್ರೆ, ಇದನ್ನ ತಗಳಿ. ಎರಡೂ ಕೈಯೊಡ್ಡಿ.”

ವಾರಿಜಮ್ಮ ನಿಂತಲ್ಲೇ ಬೆವೆತರು. ಬಲಗೈ ಘಟದ ವಶದಲ್ಲಿದೆ. ಎಡಗೈ ಒಂದನ್ನೇ ಒಡ್ಡಿದರೆ ಅವಮಾನ, ಅಪಶಕುನ. ಒಡ್ಡದೇ ಇದ್ದರೆ ಸಂಬಂಧ ಬೇಡವೆಂದಂತೆ. ತಟ್ಟೆ ಮುಂದೆ ಬಂತು, ಅವರು ಹಿಂದೆ ಸರಿದರು. ನೆಲ ‘ನೀ’ ಎಂದಿತು. ತಟ್ಟೆ ಇನ್ನೂ ಮುಂದೆ ಬಂತು. ಇಂಚರಾ ಮುಖದಿಂದ ಕೈ ತೆಗೆದು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ವಾರಿಜಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸೆರಗಿನೊಳಕ್ಕೆ ಮುಖ ಹುದುಗಿಸಿ, ಯಾರಿಗೂ ಕೇಳದ ಹಾಗೆ, ಬರೀ ತುಟಿಯಲ್ಲಿ ಅಂದರು:

“ರಾಯರೇ, ಒಪ್ಪಿಗೇನೇ ಅಂತ ಕೂಗಿ ಹೇಳ್ಲಾ, ಕೊಡ ಒಡೆದು ಹೇಳ್ಲಾ?”

“ರಾಯರೇ,” ಎಂದಿತು ಹಾಲಿನ ನಾಲ್ಕೂ ಮೂಲೆ, ಆಳವಾದ ಬಾವಿಯಿಂದ ಎದ್ದ ದನಿಯಲ್ಲಿ. “ಒಪ್ಪಿಗೇನೇ ಅಂತ ಕೂಗಿ ಹೇಳ್ಲಾ, ಕೊಡ ಒಡೆದು ಹೇಳ್ಲಾ?”

ವಾರಿಜಮ್ಮ ಸೂರನ್ನು ನೋಡಿದರು. ಅಲ್ಲಿ ಮೂಲೆಗೊಂದರಂತೆ ಕರಿಯ ಪೆಟ್ಟಿಗೆಗಳು ತೂಗುತ್ತಿದ್ದವು.

“ಸಾರಿ ಆಂಟಿ,” ಎಂದ ರವಿಕಿರಣ್, ಕೆಂಪಾಗಿ. “ಘಟದ ಹೊಟ್ಟೆಯೊಳಗಿನ ನಾದ ಎಲ್ಲರಿಗೂ ಕೇಳ್ಲಿ ಅಂತ ಒಳಗೆ ಪುಟ್ಟ ವೈರ್‌ಲೆಸ್ ಮೈಕ್ ಅಂಟಿಸಿದ್ದೆ. ಅದು ನಿಮ್ಮ ಕೈಲಿ... ನಾನು ಆಫ್ ಮಾಡೋಕೆ ಎದ್ದೆ. ಅಮ್ಮ ಬಿಡ್ಲಿಲ್ಲ.” ಈಗ ಹೋಗಿ ಸ್ವಿಚ್ ಆರಿಸಿದ.

“ಯಾವಾಗಿಂದ?” ಎಂದರು ವಾರಿಜಮ್ಮ.

“ಏನು ಕಿತ್ತಿರಿ ಅನ್ನೋದ್ರಿಂದ,” ಎಂದಳು ಇಂಚರಾ, ಕಣ್ಣೊರೆಸಿಕೊಳ್ಳುತ್ತಾ. ಅವಳು ಅತ್ತದ್ದಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದದ್ದು.

ವಾರಿಜಮ್ಮ ತಾವು ಆಡಿದ್ದನ್ನೆಲ್ಲ ಮೊದಲಿನಿಂದ ನೆನಪಿಸಿಕೊಳ್ಳತೊಡಗಿದರು. ಸೀರೆಗೆ ಬಂದಾಗ ಕಣ್ಣು ಮುಚ್ಚಿದರು. ಬನಶಂಕರಿಯ ಬಸ್ಸಿಗೆ ಬಂದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. (ನೆಲ ‘ಮಾ’ ಎಂದಿತು, ಅಷ್ಟೇ.)

ಅಂಜನಮ್ಮ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು, ವಾರಿಜಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಸೆರಗು ಸರಿಸಿ ಘಟವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕೊಬ್ಬರಿ ಎಣ್ಣೆ ತರಿಸಿ ಮಣಿಕಟ್ಟಿನ ಸುತ್ತ ಸವರಿದರು. ಬಳೆ ಅಲುಗಲಿಲ್ಲ. ವಾರಿಜಮ್ಮನ ಕೈ ಭಯದಿಂದ ಮರಗಟ್ಟಿತ್ತು. ಮುಷ್ಟಿ ಮೈಕನ್ನು ಬಿಡುತ್ತಲೇ ಇರಲಿಲ್ಲ.

“ಒಡೆದುಬಿಡಿ,” ಎಂದರು ವಾರಿಜಮ್ಮ ಅಳು ಬಂದು. “ಘಟ ಬೇಡ, ನನ್ನ ಕೈನೇ ಮುರೀರಿ.”

“ಸುಮ್ಕಿರಿ,” ಎಂದ ಅಂಜನಮ್ಮ ಎಣ್ಣೆ ನೀವುತ್ತಾ ನೀವುತ್ತಾ ತೀರ ಸಹಜವಾಗಿ, “ಅಲ್ಲ ಬೀಗ್ರೇ, ನಿಮ್ ಮಗ್ಳಿಗೆ ಹಾಲು ಕಾಯ್ಸಕ್ಕೂ ಬರಕಿಲ್ವಂತೆ?” ಎಂದರು.

“ಯಾರು ಹೇಳಿದ್ದು ಹಾಗಂತ!” ವಾರಿಜಮ್ಮ ಎರಡೂ ಕೈ ಎತ್ತಿ ಎದ್ದು ನಿಂತರು.

ಎರಡೂ ಕೈ! ಎಣ್ಣೆ ಹೊಳೆಯುವ ಬಲಗೈ ಗಾಳಿಯಲ್ಲಿತ್ತು. ಘಟ ಅಂಜನಮ್ಮನ ಮಡಿಲಲ್ಲಿ ಒಂದು ಗೀರೂ ಇಲ್ಲದೆ ಕೂತಿತ್ತು.

“ನೀವೇ ಹೇಳಿದ್ದು,” ಎಂದರು ಅಂಜನಮ್ಮ. ನಕ್ಕರು. ಅವರ ನಗುವಿಗೆ ಗೋಡೆಯ ಮೇಲಿದ್ದ ಕಂಜಿರಗಳ ಗೆಜ್ಜೆ ನಡುಗಿದವು. “ನಂಗೂ ಬತ್ತಿರಲಿಲ್ಲ ತಗಳಿ. ಇವ್ರನ್ನ ಕೇಳಿ, ಮದುವೆಯಾಗಿ ಬಂದು ಮೊದಲ್ನೇ ವರ್ಸ ಪೂರ್ತಿ ಸೀದ ಅನ್ನ ತಿಂದವ್ರೆ.”

ಬೋರಣ್ಣ ಅಂದು ಮೊದಲ ಬಾರಿಗೆ ಬಾಯಿ ತೆರೆದರು. “ಎರಡು ವರ್ಸ,” ಎಂದರು.

ವಾರಿಜಮ್ಮನಿಗೂ ನಗು ಬಂದುಬಿಟ್ಟಿತು. ಬಿಗಿ ಎಂಬುದು ಆ ಘಟದೊಳಗೇ ಎಲ್ಲೋ ಕಳೆದುಹೋಗಿತ್ತು. ಎಣ್ಣೆಗೈಯನ್ನು ಒರೆಸಿಕೊಂಡು, ಎರಡೂ ಕೈಯೊಡ್ಡಿ ಅರಿಶಿನ ಕುಂಕುಮ ತೆಗೆದುಕೊಂಡರು. “ನಿಮ್ಮ ಸೀರೆ...” ಎಂದು ಶುರು ಮಾಡಿದರು.

“ಕೇಳುಸ್ತು ಬುಡಿ,” ಎಂದರು ಅಂಜನಮ್ಮ. “ಅಂಗ್ಡಿ ತೋರುಸ್ತೀನಿ. ಮದ್ವೆ ಸೀರೆ ತರಕ್ಕೆ ಇಬ್ರೂ ಹೋಗನ.”

ಕಾಫಿಯಾಯಿತು, ಕೋಡುಬಳೆಯಾಯಿತು, ದಿನ ನೋಡಿಸುವ ಮಾತೂ ಆಯಿತು. ಬೀಗರು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಎದೆಯ ಮೇಲಿನ ಬಂಡೆ ಇಳಿದ ವಾರಿಜಮ್ಮ, ಆದದ್ದೆಲ್ಲ ಮನೆಯೊಳಗಿನ ನಾಲ್ಕು ಜನರ ಮಧ್ಯೆ ಆಯಿತಲ್ಲ, ಮಾನ ಉಳಿಯಿತು ಎಂದುಕೊಳ್ಳುತ್ತಾ ರಸ್ತೆಗೆ ಇಳಿದರು.

ಗೇಟಿನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ತಲೆಯೆತ್ತಿ ಅಕ್ಕರೆಯಿಂದ ಕೇಳಿದಳು: “ಅಮ್ಮಾ, ಕೈ ಬಂತಾ?”

ವಾರಿಜಮ್ಮ ನಿಂತರು. ಮೆಲ್ಲಗೆ ತಿರುಗಿ ನೋಡಿದರು. ಗೇಟಿನ ಕಂಬದ ಮೇಲೆ, ಬೀದಿಯ ಕಡೆಗೆ ಬಾಯಿ ತೆರೆದುಕೊಂಡು, ಒಳಗಿದ್ದವುಗಳಿಗಿಂತ ಎರಡರಷ್ಟು ದೊಡ್ಡ ಕರಿಯ ಪೆಟ್ಟಿಗೆಯೊಂದು ಕುಳಿತಿತ್ತು.

“ಅಯ್ಯೋ!” ಎಂದು ರವಿಕಿರಣ್ ಹಣೆ ಬಡಿದುಕೊಂಡ. “ಭಾನುವಾರ ಹೋಗೋ ಬರೋರಿಗೆ ಕೇಳ್ಲಿ ಅಂತ ಹಾಕಿರ್ತೀನಿ ಆಂಟಿ. ಮರೆತೇಹೋಗಿತ್ತು.”

ವಾರಿಜಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಎದುರಿಗೆ ಕಂಡ ಆಟೋದೊಳಕ್ಕೆ ನುಗ್ಗಿ ಮೂಲೆ ಸೇರಿದರು. ರಾಮಪ್ರಸಾದರು ಪಕ್ಕದಲ್ಲಿ ಕೂತು, “ಜಯನಗರ,” ಎಂದರು.

ಡ್ರೈವರ್ ಮೀಟರ್ ಹಾಕಲಿಲ್ಲ. ಗಾಡಿಯನ್ನೂ ಸ್ಟಾರ್ಟ್ ಮಾಡಲಿಲ್ಲ. ಕನ್ನಡಿಯಲ್ಲಿ ವಾರಿಜಮ್ಮನನ್ನು ನೋಡಿ, ಒಂದು ಸಲ ಗಂಟಲು ಸರಿಮಾಡಿಕೊಂಡ.

“ಮೇಡಂ, ತಪ್ಪು ತಿಳ್ಕೋಬೇಡಿ. ನಾವೆಲ್ಲ ಸ್ಟ್ಯಾಂಡಲ್ಲಿ ಕಾಯ್ತಾ ಇದೀವಿ. ಕೊನೇಲಿ ಒಪ್ಪಿಗೆ ಹೇಳಿದ್ರಾ, ಇಲ್ಲ ಇನ್ನೂ ಯೋಚನೆ ಮಾಡಿ ಹೇಳ್ತೀನಿ ಅಂದ್ರಾ?”

ಸೆರಗಿನೊಳಗಿಂದ ತೀರ ಸಣ್ಣ ದನಿಯಲ್ಲಿ, “ಹೇಳಿದೆನಪ್ಪಾ,” ಎಂದು ಬಂತು.

ಡ್ರೈವರ್ ಆಟೋದಿಂದ ಅರ್ಧ ದೇಹ ಹೊರಗೆ ಚಾಚಿ, ರಸ್ತೆಯ ಆಚೆ ಟೀ ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದವರ ಕಡೆಗೆ ಎರಡೂ ಕೈ ಎತ್ತಿ ಕೂಗಿದ:

“ಲೋ, ಆಂಟಿ ಒಪ್ಪಿದ್ರಂತೆ ಕಣ್ರೋ!”